ದುರ್ಗವ್ವನ ಇಳುಕಲಿನಲ್ಲಿ ಸೈಕಲ್ಲಿಗೆ ಮೋಟಾರು ಹಾಯಿಸಿದ ಬಗ್ಗೆ

ಮೆಹರ್ಬಾನ್ ಫೌಜದಾರ ಸಾಹೇಬರಿಗೆ.

ಹೆಸರು ಶಂಕ್ರೆಪ್ಪ, ತಂದೆ ಮಲಕಪ್ಪ ಗಾಣಿಗೇರ. ವಯಸ್ಸು ಅರವತ್ತೆರಡು, ಒಂದೆರಡು ಹೆಚ್ಚಿದ್ದರೂ ಇರಬಹುದು. ಉದ್ಯೋಗ ಕುಸುಬಿ ಎಣ್ಣೆಯ ಗಾಣ. ವಾಸ ತಿಕೋಟಾ, ತಾಲೂಕು ಮತ್ತು ಜಿಲ್ಲೆ ವಿಜಾಪುರ.

ಮೊದಲನೆಯ ಮಾತು. ಇದನ್ನು ಬಾಯಿಲೆ ಹೇಳಲಿಕ್ಕೆ ನಾನು ಎರಡು ಸಲ ಚೌಕಿಗೆ ಬಂದಿದ್ದೆನು. ನೀನು ಸಿಟ್ಟಿನಲ್ಲಿ ಒದರಿದ್ದನ್ನು ಬರೆದುಕೊಳ್ಳಲಿಕ್ಕೆ ಬರುವುದಿಲ್ಲ, ನೀನೇ ಬರೆದುಕೊಂಡು ಬಾ ಎಂದು ಜಮಾದಾರರು ಹೇಳಿದರು. ನಾನು ಎರಡನೇ ಇಯತ್ತೆಗೆ ಸಾಲಿ ಬಿಟ್ಟವನು. ಗಾಣದ ಎತ್ತು ಹೊಡೆದ ಕೈ ಇದು, ಟಾಕು ಹಿಡಿದ ಕೈಯಲ್ಲ. ಅಕ್ಷರ ಸೊಟ್ಟ ಬಂದರೆ ಓದುವವರು ತಲಿ ಸೊಟ್ಟ ಮಾಡಿಕೊಂಡು ಓದಬೇಕು. ಯಾರೂ ಸತ್ತಿಲ್ಲಲ್ಲ, ಮತ್ತ್ಯಾಕ ಬಂದಿ ಎಂದೂ ಕೇಳಿದರು. ಹೌದು, ಸತ್ತಿಲ್ಲ. ಸತ್ತಿಲ್ಲ ಎಂದೇ ಈಗ ಬಂದಿದ್ದೇನೆ. ನಾನು ಬರೆದು ಕೊಡುವುದು ಇಷ್ಟು.

ನನ್ನ ಮಗಳು ಕಾಶಿಬಾಯಿ, ವಯಸ್ಸು ಇಪ್ಪತ್ತಾರು. ಗಂಡ ತೀರಿಕೊಂಡ ಮ್ಯಾಲೆ ನನ್ನ ಮನಿಯಲ್ಲಿ ಇರುತ್ತಾಳೆ. ವಿಜಾಪುರದಲ್ಲಿ ಹೆರಿಗೆ ಮಾಡಿಸುವ ಕೆಲಸ ಕಲಿತು ಬಂದು ತಿಕೋಟಾ ಮತ್ತು ಸುತ್ತಲಿನ ವಸ್ತಿಗಳಲ್ಲಿ ಸೂಲಗಿತ್ತಿ ಕೆಲಸ ಮಾಡುತ್ತಾಳೆ. ಕರೆ ಬಂದ ಕಡೆಗೆ ಸೈಕಲ್ ಮ್ಯಾಲೆ ಹೋಗುತ್ತಾಳೆ. ಮೊದಮೊದಲು ಮಂದಿ ಕಟ್ಟಿಗೆ ಕೂತು ನಗುತ್ತಿದ್ದರು. ಈಗ ನಕ್ಕವರ ಮನಿಗೂ ಆಕಿಯೇ ಹೋಗಬೇಕು. ಇದನ್ನು ಬರೆಯುವ ಕಾರಣ ಇಷ್ಟೇ: ಹೆಣ್ಣಮಗಳಿಗೆ ಸೈಕಲ್ ಯಾಕ ಬೇಕಿತ್ತು ಎಂದು ಚೌಕಿಯಲ್ಲಿ ಒಬ್ಬರು ಕೇಳಿದರು. ಅವರ ಹೆಸರು ಬರೆಯುವುದಿಲ್ಲ. ಅವರೂ ಯಾರದೋ ಕೈಯೊಳಗೇ ಹುಟ್ಟಿದವರು.

ತಿಕೋಟಾದಿಂದ ಬಬಲೇಶ್ವರದ ದಾರಿ ಹಿಡಿದರೆ ಮೂರು ಮೈಲಿಗೆ ಒಂದು ಹಳ್ಳ ಬರುತ್ತದೆ. ಹಳ್ಳಕ್ಕೆ ಇಳಿಯುವ ದಾರಿ ಕಡಿದಾಗಿದೆ, ನಡುವೆ ಒಂದು ಹೊರಳು. ಹೊರಳಿನಲ್ಲಿ ಎಡಕ್ಕೆ ಬೇವಿನ ಗಿಡ, ಗಿಡದ ಬುಡಕ್ಕೆ ದುರ್ಗವ್ವನ ಕಟ್ಟಿ. ಆ ದಾರಿಯಲ್ಲಿ ಹೋಗುವವರು ಯಾರೇ ಇರಲಿ, ಅಲ್ಲಿ ಕೈ ಮುಗಿಯದೆ ಮುಂದೆ ಹೋಗುವುದಿಲ್ಲ. ನಾನೂ ಮುಗಿಯುತ್ತೇನೆ. ಗಾಡಿ ನಿಲ್ಲಿಸಿ, ಇಳಿದು ಮುಗಿಯುತ್ತೇನೆ.

ವಿಜಾಪುರದಿಂದ ತಿಕೋಟಾ ಮುಟ್ಟಿ ಬಬಲೇಶ್ವರಕ್ಕೆ ದಿನಾ ಹೋಗಿ ಬರುವ ಸರ್ವಿಸ್ ಮೋಟಾರಿನ ಮಾಲಕ ಜೋರಾಪುರ ಪೇಟೆಯ ಬಸಗೊಂಡಪ್ಪ. ಲಡಾಯಿಯ ಸಲುವಾಗಿ ಪೆಟ್ರೋಲ್ ಸಿಗದ್ದಕ್ಕೆ ಅದನ್ನು ಇದ್ದಲಿ ಗ್ಯಾಸಿನ ಮ್ಯಾಲೆ ಓಡಿಸುತ್ತಾರೆ, ಬೆನ್ನಿಗೆ ಭಟ್ಟಿ ಕಟ್ಟಿದ್ದಾರೆ. ಡ್ರಾಯವರ ಶಾಂತಪ್ಪ. ಭಟ್ಟಿಗೆ ಇದ್ದಲಿ ಹಾಕುವವನು ಲಾಡಲೇಸಾಬ, ಹಿಂದಿನ ಪಾವಟಿಗೆಯ ಮ್ಯಾಲೆ ಹೊರಗೆ ಜೋತುಬಿದ್ದು ಬರುತ್ತಾನೆ.

ತಾರೀಖು 6 ನವೆಂಬರ್ ಸೋಮವಾರ, ಹೊತ್ತು ಹನ್ನೊಂದರ ಸುಮಾರು. ನಾನು ಬಬಲೇಶ್ವರದಲ್ಲಿ ಹಿಂಡಿ ಕೊಟ್ಟು ಖಾಲಿ ಗಾಡಿ ತರುತ್ತಿದ್ದೆನು. ಹಳ್ಳದಲ್ಲಿ ಎತ್ತು ಬಿಚ್ಚಿ ನೀರಿಗೆ ಬಿಟ್ಟು ಮ್ಯಾಲೆ ನೋಡಿದಾಗ ಇಳುಕಲಿನ ತಲಿಗೆ ಕಾಶಿಬಾಯಿ ಕಂಡಳು. ಹಳ್ಳದ ಆಚೆ ತೋಟದ ವಸ್ತಿಯಲ್ಲಿ ಒಬ್ಬಾಕಿಗೆ ಬ್ಯಾನಿ ಹತ್ತಿದೆ ಎಂದು ಕರೆ ಬಂದಿತ್ತಂತೆ. ಎಡಗಡೆಯ ಅಂಚು ಹಿಡಿದು, ಬ್ರೇಕ್ ಒತ್ತಿಕೊಂಡು, ಸಾವಕಾಶ ಇಳಿಯುತ್ತಿದ್ದಳು. ಎಡಗಡೆಯ ಅಂಚು ಎಂಬುದನ್ನು ಸಾಹೇಬರು ಎರಡು ಸಲ ಓದಬೇಕು.

ಆಕಿಯ ಹಿಂದೆ ಮೋಟಾರು ಬಂತು. ಶಾಂತಪ್ಪ ಆ ಇಳುಕಲಿನಲ್ಲಿ ಓಟ ಕಡಿಮಿ ಮಾಡುವುದಿಲ್ಲ. ಮಾಡಿದರೆ ಗ್ಯಾಸಿನ ಮೋಟಾರು ಆಚೆ ಏರು ಹತ್ತುವುದಿಲ್ಲ. ಕಟ್ಟಿಗೆ ಇನ್ನೂ ಹತ್ತಿಪ್ಪತ್ತು ಮಾರು ಇರುವಾಗ ಅವನು ಚಕ್ರದ ಮ್ಯಾಲಿನ ಎರಡೂ ಕೈ ಬಿಟ್ಟನು. ಜೋಡಿಸಿ ಹಣಿಗೆ ಹಚ್ಚಿಕೊಂಡನು. ಕಣ್ಣು ಮುಚ್ಚಿದ್ದನು. ಒಳಗೆ ಕೂತ ಅಷ್ಟೂ ಮಂದಿ ಕೈ ಮುಗಿದು ತಲಿ ಬಗ್ಗಿಸಿದ್ದರು. ನನಗೆ ರುಮಾಲು ಕಂಡವು, ಟೊಪ್ಪಿಗೆ ಕಂಡವು, ಸೆರಗು ಕಂಡವು. ಒಂದು ಮುಖ ಕಾಣಲಿಲ್ಲ. ಮುಖ ಇಲ್ಲದ ಮೋಟಾರು ನನ್ನ ಮಗಳ ಬೆನ್ನ ಹಿಂದೆ ಬರುತ್ತಿತ್ತು.

ನಾನು ಕೂಗಿದೆನು. ಏನು ಕೂಗಿದೆ ಎಂದು ಜಮಾದಾರರು ಕೇಳಿದರು. ಗೊತ್ತಿಲ್ಲ. ಎತ್ತು ಬೆದರಿ ಹಳ್ಳದ ಉದ್ದಕ್ಕೂ ಓಡಿಹೋದವು, ಅಂಥಾದ್ದು ಕೂಗಿರಬೇಕು. ಕಾಶಿಬಾಯಿ ಹಿಂದೆ ನೋಡಲಿಲ್ಲ, ನನ್ನ ಮುಖ ನೋಡಿದಳು. ನೋಡಿ ಸೈಕಲನ್ನು ಕಟ್ಟಿಯ ಕಡೆಗೆ ಹೊರಳಿಸಿದಳು. ಮೋಟಾರಿನ ಮಡಗಾರ್ಡು ಹಿಂದಿನ ಗಾಲಿಗೆ ಬಡಿಯಿತು. ಆಕಿ ಕಟ್ಟಿಯ ಕಲ್ಲಿನ ಮ್ಯಾಲೆ ಬಿದ್ದಳು. ಹಿಂದಿನ ಗಾಲಿ ಮೋಟಾರಿನ ಕೆಳಗೆ ಹೋಗಿ ಹಪ್ಪಳ ಆಯಿತು. ಆಕಿಯ ಹಿಮ್ಮಡದ ಗುರುತು, ಮೋಟಾರಿನ ಗಾಲಿಯ ಗುರುತು, ಎರಡೂ ಧೂಳಿನಲ್ಲಿ ಮೂಡಿದ್ದವು. ನಡುವಿನ ಜಾಗವನ್ನು ಪಂಚನಾಮೆಯಲ್ಲಿ ಬರೆಯುವುದಿದ್ದರೆ ನನ್ನ ಒಂದು ಗೇಣು ಎಂದು ಬರೆಯಿರಿ. ನಾನು ಕೈ ಇಟ್ಟು ನೋಡಿದ್ದೇನೆ. ಒಂದು ಬೆರಳು ಹೆಚ್ಚು ಕಡಿಮಿ ಇರಬಹುದು.

ಮೋಟಾರು ಅಲ್ಲಿ ನಿಲ್ಲಲಿಲ್ಲ. ಹಳ್ಳ ದಾಟಿ ಆಚೆ ಏರಿನ ತಲಿಗೆ ಹೋಗಿ ನಿಂತಿತು. ಶಾಂತಪ್ಪ ಇಳಿದು ಬಂದು, ಏನಾತೋ ಯಪ್ಪಾ, ಯಾರ ಬಿದ್ರು ಎಂದು ಕೇಳಿದನು. ನಾಟಕ ಅಲ್ಲ, ಅವನಿಗೆ ಖರೇನೇ ಗೊತ್ತಿರಲಿಲ್ಲ. ಗೊತ್ತಿದ್ದು ಹಾಯಿಸಿದ್ದರೆ ನಾನು ಬಡಿಗೆ ತಗೊಳ್ಳುತ್ತಿದ್ದೆನು. ಗೊತ್ತೇ ಇಲ್ಲದವನಿಗೆ ಏನು ಮಾಡುವುದು ಎಂದು ಆವತ್ತಿನಿಂದ ನನಗೆ ನಿದ್ದೆ ಇಲ್ಲ.

ಕಾಶಿಬಾಯಿಯ ಮೊಣಕೈ, ಮೊಣಕಾಲು ಕೆತ್ತಿ ರಕ್ತ ಬಂದಿತ್ತು. ಆಕಿ ಎದ್ದು ಮೊದಲು ಚೀಲ ಬಿಚ್ಚಿ, ಔಷಧದ ಶೀಸೆ ಒಡೆದಿದೆಯೋ ಹೇಗೆ ಎಂದು ನೋಡಿದಳು. ನಾನು ಮನಿಗೆ ನಡಿ ಎಂದೆನು. ಅಪ್ಪಾ, ನನ್ನ ಮೊಣಕಾಲ ಮಾಯೂತನಕ ಆ ಕೂಸು ಒಳಗ ಕಾಯ್ಕೋತ ಕುಂದ್ರೂದಿಲ್ಲ ಎಂದು ಹೇಳಿ ಕುಂಟಿಕೊಂಡು ವಸ್ತಿಗೆ ಹೋದಳು. ಹೆಣ್ಣು ಕೂಸು ಹುಟ್ಟಿತು. ತಾಯಿ ಕೂಸು ಇಬ್ಬರೂ ಆರಾಮ ಇದ್ದಾರೆ.

ನಾನು ಮೋಟಾರಿನ ಮಂದಿಯನ್ನು ಒಬ್ಬೊಬ್ಬರನ್ನೇ ಹಿಡಿದು, ಯಾರು ನೋಡಿದಿರಿ ಎಂದು ಕೇಳಿದೆನು. ಒಬ್ಬರೂ ನೋಡಿಲ್ಲ. ಮುದುಕವ್ವ ಎಂಬಾಕಿ, ದುರ್ಗವ್ವನ ಮುಂದ ಕಣ್ಣ ತಕ್ಕೊಂಡ ಕುಂದ್ರಾಕ ನಾ ಏನ ಪೊಲೀಸ ಅದೀನೇನೋ ಎಂದು ನನಗೇ ಬೈದಳು. ಇನ್ನೊಬ್ಬನು, ದೇವಿ ಉಳಿಸ್ಯಾಳ ತಗೋ ಮಾರಾಯಾ, ಒಂದ ಕಾಯಿ ಒಡಸು ಎಂದನು. ಉಳಿಸಿದಾಕಿ ದುರ್ಗವ್ವ, ಹಾಯಿಸಿದಾಂವ ಶಾಂತಪ್ಪ. ಆಕಿದು ಆಕಿಗೆ ಕೊಡೂಣು, ಇವಂದು ಇವಗ ಕೊಡೂಣು ಎಂದು ನಾನು ಹೇಳಿದೆನು. ಆಗ ಎಲ್ಲರೂ ಹೊತ್ತಾಯಿತು ಎಂದು ಮೋಟಾರು ಹತ್ತಿದರು.

ಲಾಡಲೇಸಾಬ ಒಬ್ಬನು ಹತ್ತಲಿಲ್ಲ. ಅವನು ಹೊರಗೆ ಜೋತುಬಿದ್ದಿದ್ದರಿಂದ, ಒಂದು ಕೈಯಲ್ಲಿ ಭಟ್ಟಿ ಕೆದಕುವ ಸಲಾಕಿ, ಇನ್ನೊಂದರಲ್ಲಿ ಮೋಟಾರಿನ ಸರಳು ಹಿಡಿದಿದ್ದರಿಂದ, ಕೈ ಮುಗಿದಿರಲಿಲ್ಲ. ಅವನು ನನ್ನ ಹತ್ತಿರ ಬಂದು, ದೊಡ್ಡಪ್ಪಾರ, ನಾ ಎಲ್ಲಾ ನೋಡೇನ್ರಿ, ಆದ್ರ ನನ್ನ ಹೆಸರ ಎತ್ತಬ್ಯಾಡ್ರಿ, ಮಾಲಕ ಕೆಲಸ ಬಿಡಸ್ತಾರ ಎಂದು ಸಣ್ಣ ದನಿಯಲ್ಲಿ ಹೇಳಿದನು. ನಾನು ಆಗ ಆಗಲಿ ಎಂದೆನು.

ತಾರೀಖು 7 ಮಂಗಳವಾರ ನಾನು ಮಾಲಕನನ್ನು ಕಾಣಲಿಕ್ಕೆ ವಿಜಾಪುರಕ್ಕೆ ಹೋದೆನು. ಮೋಟಾರು ಹತ್ತಲಿಲ್ಲ. ಅಥಣಿ ರಸ್ತೆಯ ಮ್ಯಾಲೆ ಗಾಡಿ ಹೊಡೆದುಕೊಂಡು ಹೋದೆನು. ಹಾರ್ನು ಕೇಳಿದಾಗೊಮ್ಮೆ ಗಾಡಿಯನ್ನು ಮಂದಿಯ ಹೊಲಕ್ಕೆ ಇಳಿಸಿದೆನು, ಅದಕ್ಕೆ ಇಬ್ಬರ ಹತ್ತಿರ ಬೈಸಿಕೊಂಡೆನು. ಜೋರಾಪುರ ಪೇಟೆಯಲ್ಲಿ ಬಸಗೊಂಡಪ್ಪ ನನ್ನನ್ನು ಕೂಡ್ರಿಸಿ ಚಹಾ ಕೊಟ್ಟು, ಕಾಕಾ, ಹೆಣ್ಣಮಗಳು ಸೈಕಲ್ ಮ್ಯಾಲ ಹೊಂಟ್ರ ಯಾವ ಡ್ರಾಯವರನ ಕಣ್ಣ ಆ ಕಡೆ ಹೋಗೂದಿಲ್ಲ ಹೇಳ್ರಿ, ಚಕ್ಕಡ್ಯಾಗ ಕಳಿಸ್ರಿ ಆಕೀನ್ನ ಎಂದನು. ಕಣ್ಣು ಮುಚ್ಚಿದವನ ಕಣ್ಣಿಗೆ ನನ್ನ ಮಗಳು ಹೇಗೆ ಬಿದ್ದಳು ಎಂದು ಕೇಳಿದೆನು. ಅವನು ಗುಮಾಸ್ತನ ಕಡೆ ನೋಡಿದನು. ಚಹಾ ಕುಡಿಯದೆ ಎದ್ದು ಬಂದೆನು.

ತಾರೀಖು 8 ಬುಧವಾರ ತಿಕೋಟಾದ ಹೊಟೇಲಿನ ಮುಂದೆ ಶಾಂತಪ್ಪ ಸಿಕ್ಕನು. ಕೆಟ್ಟವನಲ್ಲ. ನನ್ನ ಕಾಲು ಮುಟ್ಟಿದನು. ಕೈ ಬಿಡುವುದನ್ನು ಬಿಡು ಎಂದು ಹೇಳಿದೆನು. ಅವನು ಹೇಳಿದ್ದೇನೆಂದರೆ, ಯಪ್ಪಾ, ನಾ ಮೋಟಾರ ಹಿಡದಾಗಿಂದ ಆಕಿಗೆ ಕೈ ಮುಗೀದ ಒಂದ ಸಲಾನೂ ಆ ಹಳ್ಳ ಇಳದಿಲ್ಲ, ಮುಗೀದ ಇಳಿಯಂದ್ರ ನನ್ನ ಎದಿ ಡವಡವ ಅಂತದ. ಹಾಗಾದರೆ ನಿಲ್ಲಿಸಿ ಇಳಿದು ಮುಗಿ, ಉದ್ದಕ್ಕೆ ಬಿದ್ದು ಮುಗಿ, ಯಾರು ಬ್ಯಾಡ ಅಂತಾರ ಎಂದೆನು. ಕಟ್ಟಿ ಮುಂದ ನಿಂತ್ರ ಗ್ಯಾಸ ಇಳೀತದ, ಏರು ಏರೂದಿಲ್ಲ, ಮಂದಿ ಇಳದು ದಬ್ಬಬೇಕಾಕ್ಕೈತಿ, ಮಾಲಕ ಬೈತಾರ ಎಂದನು. ಇಳುಕಲಿನ ತಲಿಗೇ ನಿಂತು, ಅಲ್ಲಿಂದ ಆಕಿ ಕಾಣುತ್ತಾಳೆ, ಮುಗಿದು ಆ ಮ್ಯಾಲೆ ಇಳಿ ಎಂದೆನು. ಅವನು ವಿಚಾರ ಮಾಡಿ, ಮಾಲಕ ಹೂಂ ಅಂದ್ರ ನಿಲ್ಲಸ್ತೇನಿ ಎಂದನು. ಮಾಲಕ ಹೂಂ ಎಂದಿಲ್ಲ.

ತಾರೀಖು 9 ಮತ್ತು 10 ಮೋಟಾರು ಹೋಗುವ ಹೊತ್ತಿಗೆ, ಬರುವ ಹೊತ್ತಿಗೆ ನಾನು ಆ ಇಳುಕಲಿನಲ್ಲಿ ನನ್ನ ತಲಿಯ ಕೆಂಪು ರುಮಾಲು ಬಿಚ್ಚಿ ಬೀಸಿಕೊಂಡು ನಿಂತಿದ್ದೆನು. ಶಾಂತಪ್ಪ ನನ್ನನ್ನು ನೋಡಿ ಒಂದು ಕೈ ಹಣಿಗೆ ಹಚ್ಚಿದನು, ಒಂದು ಕೈ ಬಿಡಲಿಲ್ಲ. ಅಂದರೆ ಚಕ್ರ ಬಿಡದೆ ಇಳಿಯಲಿಕ್ಕೆ ಅವನಿಗೆ ಬರುತ್ತದೆ. ಆದರೆ ಗಾಣ ನಿಂತಿದೆ. ಹುಚ್ಚು ಹಿಡಿದಿದೆ ಎಂದು ಊರಲ್ಲಿ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

10ನೇ ತಾರೀಖು ಸಂಜೆಗೆ ಲಾಡಲೇಸಾಬ ನನ್ನ ಮನಿಗೆ ಬಂದನು. ಹೊಸಲಿನ ಹೊರಗೆ ಕೂತು, ದೊಡ್ಡಪ್ಪಾರ, ಆ ಇಳುಕಲ ಬಂತಂದ್ರ ಈಗ ನಾನೂ ಕಣ್ಣ ಮುಚ್ಚಾಕತ್ತೇನ್ರಿ, ಮತ್ತೊಮ್ಮಿ ನೋಡೂದು ನನ್ನ ಕೈಲೆ ಆಗೂದಿಲ್ಲ, ಹೆಸರ ಬರೀರಿ ಎಂದನು. ಕೆಲಸ ಹೋದರೆ ಎಂದು ಕೇಳಿದೆನು. ನಿಮ್ಮ ಗಾಣದಾಗ ಎತ್ತಿನ ಜೋಡಿ ನನ್ನೂ ಹೂಡ್ರಿ ಎಂದನು. ಆದುದರಿಂದ ಅವನ ಹೆಸರು ಬರೆದಿದ್ದೇನೆ. ಅವನ ಕೆಲಸಕ್ಕೆ ಧಕ್ಕೆ ಬಂದರೆ ಅದನ್ನೂ ನಾನು ಬರೆದುಕೊಂಡು ಬರುತ್ತೇನೆ.

ಕಾಶಿಬಾಯಿ ನನಗೆ ಏನೂ ಆಗಿಲ್ಲ ಎನ್ನುತ್ತಾಳೆ. ಸೈಕಲ್ಲಿಗೆ ಹಳೇ ಗಾಲಿ ಕೂಡಿಸಿಕೊಂಡು ಬಂದಿದ್ದಾಳೆ. ಆದರೆ ಬೀದಿಯಲ್ಲಿ ಹಾರ್ನು ಆದರೆ ಆಕಿ ಅಡಿಗಿ ಮನಿಯೊಳಗೆ ಇದ್ದರೂ ಗ್ವಾಡಿಗೆ ಸರಿದು ನಿಲ್ಲುತ್ತಾಳೆ. ರೊಟ್ಟಿ ಬಡಿಯುತ್ತಾ ಇದ್ದವಳು ಹಿಟ್ಟಿನ ಕೈಯಲ್ಲೇ ಗ್ವಾಡಿಗೆ ಬೆನ್ನು ಹಚ್ಚಿ ನಿಲ್ಲುತ್ತಾಳೆ. ಆಕಿಗೆ ಅದು ಗೊತ್ತೇ ಆಗುವುದಿಲ್ಲ. ಗ್ವಾಡಿಯ ಮ್ಯಾಲೆ ಹಿಟ್ಟಿನ ಕೈ ಮೂಡಿವೆ, ನಾನು ಒರೆಸಿಲ್ಲ. ಪಂಚನಾಮೆಗೆ ಬಂದವರು ಅದನ್ನೂ ನೋಡಲಿ.

ಈಗ ಮುಖ್ಯ ಮಾತು. ಬರುವ ಬುಧವಾರ ತಾರೀಖು 15, ಛಟ್ಟಿ ಅಮಾಸಿ. ಬಬಲೇಶ್ವರದ ಹತ್ತಿರ ಸತ್ಯವ್ವ ಎಂಬಾಕಿಗೆ ಅಮಾಸಿ ಆಜುಬಾಜು ಹೆರಿಗೆ ಎಂದು ಕಾಶಿಬಾಯಿ ಹೇಳಿದ್ದಾಳೆ. ಆಕಿಯ ಮೊದಲಿನ ಎರಡು ಕೂಸು ಉಳಿದಿಲ್ಲ. ಈ ಸಲ ನಾನು ಬರುತ್ತೇನೆ ಎಂದು ಕಾಶಿಬಾಯಿ ಮಾತು ಕೊಟ್ಟಿದ್ದಾಳೆ. ಕರೆ ಯಾವ ಹೊತ್ತಿಗೆ ಬರುತ್ತದೋ ಗೊತ್ತಿಲ್ಲ, ಬಂದ ಕೂಡಲೆ ಹೋಗುತ್ತಾಳೆ. ಚಕ್ಕಡಿಯಲ್ಲಿ ಹೋಗು ಎಂದರೆ, ಚಕ್ಕಡಿ ಮುಟ್ಟೂದ್ರಾಗ ಆ ಕೂಸಿಂದೂ ಮುಗದಿರತೈತಿ ಅಪ್ಪಾ ಎನ್ನುತ್ತಾಳೆ. ಅಮಾಸಿ ದಿವಸ ಬಸಗೊಂಡಪ್ಪನ ಮೋಟಾರು ದಿನಾ ಓಡುವ ಹೊತ್ತಿಗೆ ಓಡುವುದಿಲ್ಲ, ಮಂದಿ ತುಂಬಿದ ಹಾಗೆ ಎಷ್ಟು ಸಲ ಬೇಕೋ ಅಷ್ಟು ಸಲ ಓಡುತ್ತದೆ. ಆವತ್ತು ಕೈ ಮುಗಿಯುವುದೂ ದಿನಾ ಮುಗಿಯುವುದಕ್ಕಿಂತ ಉದ್ದ. ರುಮಾಲು ಹಿಡಿದುಕೊಂಡು ನಾನು ಯಾವ ಹೊತ್ತಿಗೆ ಎಂದು ನಿಲ್ಲಲಿ? ನಿಂತರೂ, ಎಲ್ಲರೂ ತಲಿ ಬಗ್ಗಿಸಿದ ಮೋಟಾರಿಗೆ ನನ್ನ ರುಮಾಲು ಕಾಣಬೇಕಲ್ಲ.

ನಾನು ಶಾಂತಪ್ಪನನ್ನು ಹಿಡಿದು ಹಾಕಿರಿ ಎಂದು ಕೇಳುವುದಿಲ್ಲ. ಸೈಕಲ್ಲಿನ ಗಾಲಿಯನ್ನೂ ಕೇಳುವುದಿಲ್ಲ. ಮೋಟಾರು ಇಳುಕಲಿನ ತಲಿಗೆ ನಿಲ್ಲಬೇಕು, ಕೈ ಮುಗಿಯುವವರು ಅಲ್ಲಿ ಮುಗಿಯಬೇಕು, ಇಳಿಯುವಾಗ ಡ್ರಾಯವರನ ಎರಡೂ ಕೈ ಚಕ್ರದ ಮ್ಯಾಲೆ, ಎರಡೂ ಕಣ್ಣು ದಾರಿಯ ಮ್ಯಾಲೆ ಇರಬೇಕು ಎಂದು ಮಾಲಕನಿಗೆ ಲೇಖಿ ಹುಕುಂ ಹೋಗಬೇಕು. ಬಾಯಿಮಾತಿನ ಹುಕುಂ ಬ್ಯಾಡ. ನನಗೆ ಬರೆಯಲಿಕ್ಕೆ ಹಚ್ಚಿದಂತೆ ಅದನ್ನೂ ಬರೆಯಬೇಕು.

ಇದರಲ್ಲಿ ಕಣ್ಣಿಲೆ ನೋಡಿದ್ದನ್ನು ನೋಡಿದಂತೆ, ಕಿವಿಲೆ ಕೇಳಿದ್ದನ್ನು ಕೇಳಿದಂತೆ ಬರೆದಿದ್ದೇನೆ. ಸುಳ್ಳಿದ್ದರೆ ದುರ್ಗವ್ವ ನೋಡಿಕೊಳ್ಳಲಿ, ಆವತ್ತು ಅಲ್ಲಿ ಕಣ್ಣು ತೆರೆದು ಕೂತವಳು ಆಕಿಯೇ.

ಸ್ಥಳ: ತಿಕೋಟಾ
ತಾರೀಖು: 11 ನವೆಂಬರ್ 1944, ಶನಿವಾರ

ಸಹಿ: ಶಂಕ್ರೆಪ್ಪ ಮಲಕಪ್ಪ ಗಾಣಿಗೇರ
ಸಾಕ್ಷಿ: ಲಾಡಲೇಸಾಬನ ಹೆಬ್ಬೆಟ್ಟು. ಕರಿ ಹತ್ತಿದ್ದು ಶಾಯಿ ಅಲ್ಲ, ಇದ್ದಲಿ. ತೊಳೆದರೂ ಹೋಗಲಿಲ್ಲ.

ಮಂಗಳವಾರ ತಾರೀಖು 14ರ ಹೊತ್ತು ಮುಳುಗುವುದರೊಳಗೆ ಇದಕ್ಕೆ ಉತ್ತರ ಬೇಕು.