ಶೈಲಾಳ ಡೈರಿ

ವಿಜಯಪುರದ ಬಸ್ ನಿಲ್ದಾಣದಲ್ಲಿ ಬಬಲೇಶ್ವರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಬ್ಯಾಂಕ್ ಮ್ಯಾನೇಜರ್, ಅವರ ಶಾಖೆಗೆ ಹೊಸದಾಗಿ ಸೇರಿದ ಶೈಲಾ.

“ದಿನಾ ಆ ಡೈರ್ಯಾಗ ಏನ ಬರೀತಿಯವಾ?”

“ಯಾವ ಕೆಲಸಕ್ಕ ಎಷ್ಟೊತ್ತು ಹಿಡೀತು ಅಂತ ಬರೀತೀನ್ರಿ. ಮುಂದ ಬರಾಕ ಛಲೋ ರೂಢಿ ಅಂತಾರ್ರಿ.”

“ನನ್ನ ಹೆಸರೂ ಐತೇನು?”

“ನೀವು ನನ್ನ ಪಾಸ್‌ವರ್ಡ್ ಇಸ್ಕೊಂಡ ದಿನ ಐತ್ರಿ.”

ಮ್ಯಾನೇಜರ್ ನನ್ನ ಕಡೆ ನೋಡಿ ದನಿ ತಗ್ಗಿಸಿದರು; ಆದರೂ ಕೇಳಿಸಿತು.

“ಪ್ರಮೋಷನ್‌ಗೆ ನಿನ್ನ ಹೆಸರು ನಾನ ಕಳಸಬೇಕು, ಗೊತ್ತೈತಿಲ್ಲೋ? ಡೈರಿ ಒಂದ ದಿನ ನನ್ನ ಕಡೆ ಇರ್ಲಿ.”

“ಯಾಕ್ರಿ ಸರ್?”

“ಸುಮ್ನ. ನಾನೂ ರೂಢಿ ಮಾಡ್ಕೋತೀನಿ.”

ಅವರ ಟಿಕೋಟಾ ಬಸ್ಸು ಬಂತು. ಶೈಲಾ ಗಡಿಯಾರ ನೋಡಿ ಪೆನ್ನು ತೆಗೆದಳು.

“ನೀವು ಹತ್ರಿ ಸರ್. ಈಗ ಹೇಳಿದ್ದನ್ನೂ ಬರದು ಬರ್ತೀನಿ.”

ಅವರು ಮುಂದಿನ ಬಾಗಿಲಿನಿಂದ ಹತ್ತಿದರು. ಬರೆದು ಮುಗಿಸಿ ಅವಳು ಹಿಂದಿನಿಂದ ಹತ್ತಿದಳು.