ಕತ್ತರಿ ಹಿಡಿಯುವ ಕೈ

ನರರೋಗ ವೈದ್ಯರ ಕೋಣೆಯ ಹೊರಗೆ ನನ್ನ ಸರದಿಗಾಗಿ ಕಾಯುತ್ತಿದ್ದೆ. ಒಳಗಿನಿಂದ ಬಂದ ನಡುವಯಸ್ಸಿನ ಅಕ್ಕ-ತಮ್ಮ ಇಬ್ಬರೂ ನನ್ನ ಪಕ್ಕದ ಬೆಂಚಿನಲ್ಲಿ ಕುಳಿತರು.

“ಅಪ್ಪನಿಗಿದ್ದ ಕಾಯಿಲೆ ಅಲ್ವಂತೆ. ಇನ್ನಾದ್ರೂ ಮುಖ ಸಡಿಲ ಮಾಡೋ.”

“ಹ್ಞೂಂ.”

“ಅಪ್ಪನ ಕೈ ತೊಡೆ ಮೇಲೆ ಸುಮ್ನೆ ಇಟ್ಟಾಗಲೇ ನಡುಗ್ತಿತ್ತು. ನಿಂದು ನೋಡು, ಎಷ್ಟು ತಣ್ಣಗೆ ಮಲಗಿದೆ.”

“ಕತ್ತರಿ ಹಿಡಿದ್ರೆ ತಾನೇ ಅದಕ್ಕೆ ಭೂತ ಹಿಡಿಯೋದು! ಸುಮ್ನಿರೋ ಕೈ ಇಟ್ಕೊಂಡು ಕಟಿಂಗ್ ಶಾಪ್ ನಡೆಸೋಕಾಗುತ್ತಾ ಅಕ್ಕ?”

“ಮಾತ್ರೆ ಕೊಟ್ಟಿದ್ದಾರಲ್ಲ.”

“ಕಡಿಮೆ ಆಗಬಹುದು ಅಂದ್ರು. ಹೋಗುತ್ತೆ ಅನ್ನಲಿಲ್ಲ.”

ಅಕ್ಕ ಮಾತ್ರೆಯ ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡಳು.

“ಗಿರಾಕಿಗಳೆಲ್ಲ ಎದುರು ಅಂಗಡಿಗೆ ಹೋಗ್ತಾರೆ. ಅಲ್ಲಿ ಕತ್ತರಿ ಕಚಕಚ ಅಂದ್ರೆ ಇಲ್ಲಿ ನನ್ನ ಬೆರಳು ಎದ್ದು ಕೂರುತ್ತೆ. ಒಂದೇ ಒಂದು ತಲೆ ಸಿಕ್ಕಿದ್ರೆ ಸಾಕು ಅನ್ಸುತ್ತೆ.”

“ನನ್ನ ತಲೆ ಇದೆಯಲ್ಲ. ಸಂಜೆ ಬಂದು ತುದಿ ಕತ್ತರಿಸು.”

“ಸೊಟ್ಟ ಆಗುತ್ತೆ.”

“ಆರನೇ ಕ್ಲಾಸಿನಲ್ಲಿ ನನ್ನ ಜಡೆ ಸೊಟ್ಟ ಕತ್ತರಿಸಿದ್ಯಲ್ಲ, ಆಗ ಯಾವ ಕಾಯಿಲೆ ಇತ್ತೋ ನಿಂಗೆ?”

ಅವನು ನಕ್ಕ. ಔಷಧಿ ಅಂಗಡಿಯ ಕಡೆ ನಡೆಯುವಾಗಲೂ ಅವನ ನೋಟ ಅಕ್ಕನ ಜಡೆಯ ಮೇಲೇ ಇತ್ತು. ಬಲಗೈಯ ಎರಡು ಬೆರಳು ಗಾಳಿಯಲ್ಲಿ ಮೆಲ್ಲಗೆ ಕತ್ತರಿ ಆಡಿಸುತ್ತಿದ್ದವು.