ಆರು ಗಂಟೆಯ ನೀರು

ಖಾನಾಪುರದಿಂದ ಬೆಳಗಾವಿಗೆ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅಕ್ಕ, ತಮ್ಮ ಕುಳಿತಿದ್ದರು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಲೇ ಇದ್ದಳು. ಬಸ್ಸು ಮಚ್ಛೆ ದಾಟಿದಾಗ ಕೇಳಿದಳು.

“ಭರಮಾ, ಸದಾಶಿವನಗರದ ಬಾಯಾರ ಮನಿ ಲಾನಿನ ಕೆಲಸ ಇವತ್ತ ಮುಗೀತೈತೇನು?”

“ಪೈಪ್ ಎಲ್ಲಾ ನೆಲದಾಗ ಹುಗದೇವಿ ಅಕ್ಕಾ. ಇವತ್ತ ಟೈಮರ್ ಹಚ್ಚಿದ್ರ ಆತು. ಮುಂಜಾನಿ ಆರಕ್ಕ ತಾನ ನೀರು ಚಿಮ್ಮತೈತಿ.”

“ಹನ್ನೊಂದ ವರ್ಷ ಆರಕ್ಕ ನಾನ ನೀರು ಬಿಟ್ಟೇನಿ, ಪೈಪ್ ಹುಗಿಯೂ ಕೆಲಸಕ್ಕ ಈ ವಾರ ಅಷ್ಟ ನಿಂತೈತಿ. ನಾಳಿಂದ ಬರಬ್ಯಾಡ ಅಂತಾರೇನೋ?”

“ಇಲ್ಲವಾ. ಹೋದ ತಿಂಗಳ ನೀ ಪೈಪ್ ಎಳಿಯೂವಾಗ ಜಾರಿ ಬಿದ್ದಿದ್ಯಲ್ಲಾ, ಅದನ್ನ ನೋಡೇ ಅವರು ಇದನ್ನ ಹಾಕಸಾಕತ್ತಾರ. ನಿನಗ ಹೇಳಬ್ಯಾಡ ಅಂದಿದ್ರು.”

ಅಕ್ಕನ ಬೆರಳು ನಿಂತಿತು.

“ನನ್ನ ಸಲುವಾಗಿ?”

“ಹೂಂ. ಇನ್ನ ಆರಾಮ ಕುಂದ್ರು.”

“ಕುಂದರತಿಯೇನಂತ ನನ್ನ ಯಾರರ ಕೇಳಿದ್ರೇನು?”

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವಳೇ ಮತ್ತೆ ಕೇಳಿದಳು.

“ಆ ಟೈಮರ್ ನಡಸೂದು ಭಾಳ ಕಠಿಣ ಐತೇನು?”

“ಒತ್ತೂ ಗುಂಡಿ ನಾಕ ಅದಾವು, ಅಷ್ಟ. ಮಣ್ಣು ಸಿಕ್ಕು ನೀರು ನಿಂತ್ರ ಪೈಪಿನ ತೂತು ಸ್ವಚ್ಛ ಮಾಡಬೇಕು.”

“ಹಂಗಾರ ಹಚ್ಚೂವಾಗ ನನ್ನ ಬಾಜೂಕ ನಿಲ್ಲಿಸ್ಕೋ, ಎಲ್ಲಾ ಕಲಸು. ಅದನ್ನ ನೋಡ್ಕೊಳ್ಳಾಕ ನಾ ಅದೀನಿ ಅಂತ ಬಾಯಾರಿಗೆ ನಾನ ಹೇಳತೀನಿ.”

ಬಸ್ಸು ನಿಲ್ಲುವ ಮೊದಲೇ ಅವಳು ಎದ್ದು ಬಾಗಿಲ ಬಳಿ ಹೋಗಿದ್ದಳು.

“ಲಗೂನ ಬಾರೋ, ಬಾಯಾರು ಆಫೀಸಿಗೆ ಹೋಗಿಬಿಟ್ಟಾರು” ಎನ್ನುತ್ತ ತಮ್ಮನಿಗಿಂತ ಮುಂಚೆ ಇಳಿದು, ಹಿಂದೆ ನೋಡದೆ ಸದಾಶಿವನಗರದ ಕಡೆ ನಡೆದಳು.